ಸಣ್ಣ ಗಾಳಿಗೆ ಯಾವ ಬೋರ್ಡ್, ಎಷ್ಟು ಹಾಯಿ?

"ಗಾಳಿ ಸಾಲುತ್ತಿಲ್ಲ, ಇನ್ನೊಂದು ಚದರ ಮೀಟರ್ ದೊಡ್ಡ ಹಾಯಿ ಕೊಂಡರೆ ಆದೀತೇ?" ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ, ಆಡುವವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಹೇಳುವ ಮೊದಲು ನಾನು ಕೇಳಬೇಕಾದ್ದು ಇನ್ನೊಂದಿದೆ: ನಿಮ್ಮ ಕಾಲ ಕೆಳಗೆ ಯಾವ ಬೋರ್ಡ್ ಇದೆ? ಸಣ್ಣ ಗಾಳಿಯಲ್ಲಿ ಮೊದಲು ಬೋರ್ಡ್ ನಿರ್ಧಾರವಾಗಬೇಕು, ಹಾಯಿ ಅದರ ಹಿಂದೆ ಬರಬೇಕು. ಬಹಳಷ್ಟು ಜನ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ದುಡ್ಡೂ ಹೋಗುತ್ತದೆ, ನೀರಿನ ಮೇಲಿನ ಖುಷಿಯೂ ಹೋಗುತ್ತದೆ.

ಸಣ್ಣ ಗಾಳಿ ಅಂದರೆ ಎಷ್ಟು? ಇವತ್ತಿನ ಮಾತಿಗೆ 4ರಿಂದ 12 ನಾಟ್ ಎಂದು ಇಟ್ಟುಕೊಳ್ಳೋಣ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ.; ಹಾಗಾಗಿ ಗಂಟೆಗೆ ಸುಮಾರು 7ರಿಂದ 22 ಕಿ.ಮೀ. ವೇಗ. ಕೈಯಲ್ಲಿ ಮೀಟರ್ ಇಲ್ಲದಿದ್ದರೆ ನೀರನ್ನೇ ನೋಡಿ. ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಏಳತೊಡಗಿದರೆ 8–10 ನಾಟ್ ಹತ್ತಿರ ಬಂದಿದೆ. ಕಣ್ಣು ಹಾಯಿಸಿದಲ್ಲೆಲ್ಲ ನೊರೆ ಕಂಡರೆ 12 ದಾಟಿದೆ, ನಮ್ಮ ಇವತ್ತಿನ ವಿಷಯ ಅಲ್ಲಿಗೆ ಮುಗಿಯಿತು.

ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. 12 ನಾಟ್ ಗಾಳಿ 8 ನಾಟ್‌ಗೆ ಇಳಿದರೆ ವೇಗ ಕಡಿಮೆಯಾದದ್ದು ಮೂರನೇ ಒಂದು ಪಾಲು ಅಷ್ಟೇ, ಆದರೆ ಬಲ ಅರ್ಧಕ್ಕಿಂತಲೂ ಕೆಳಗೆ ಹೋಗುತ್ತದೆ. ಲೆಕ್ಕ ಹಾಕಿ: 12 ನಾಟ್‌ನಲ್ಲಿ 5 ಚದರ ಮೀಟರ್ ಹಾಯಿ ಕೊಡುವ ಎಳೆತವನ್ನು 8 ನಾಟ್‌ನಲ್ಲಿ ಪಡೆಯಬೇಕಾದರೆ 11.25 ಚದರ ಮೀಟರ್ ಬೇಕು! ಅಷ್ಟು ದೊಡ್ಡ ಹಾಯಿಯ ಭಾರ, ಅದನ್ನು ನಿಲ್ಲಿಸುವ ಕಂಬವಾದ ಮಾಸ್ಟ್, ಕೈಯಲ್ಲಿ ಹಿಡಿಯುವ ಅಡ್ಡಕೋಲಾದ ಬೂಮ್‌ಗಳ ಭಾರ ಎಲ್ಲವನ್ನೂ ನೀವೇ ಹೊರಬೇಕು. ಒಂದು ಹಂತ ದಾಟಿದ ಮೇಲೆ ಹಾಯಿ ಹಿಗ್ಗಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ ಎನ್ನುವುದು ಇದಕ್ಕೇ.

ಇನ್ನೊಂದು ಮಾತು, ಹವಾಮಾನದ ಆ್ಯಪ್ ನೋಡಿ ಹೊರಡುವವರಿಗೆ. ಮುನ್ಸೂಚನೆಯಲ್ಲಿ ಕೊಡುವ ವೇಗ ನೆಲದಿಂದ 10 ಮೀಟರ್ ಎತ್ತರದ್ದು. ನಿಮ್ಮ ಹಾಯಿಯ ನಡುಭಾಗ ಇರುವುದು ನೀರಿನಿಂದ ಎರಡು ಮೀಟರ್ ಆಸುಪಾಸಿನಲ್ಲಿ. ಆ್ಯಪ್‌ನಲ್ಲಿ 10 ಎಂದಿದ್ದರೆ ಹಾಯಿಗೆ ಸಿಗುವುದು ಎಂಟು, ಎಂಟೂವರೆ. ವರ್ಗದ ಲೆಕ್ಕ ಈಗಷ್ಟೇ ಹೇಳಿದೆ. ಆ ಒಂದೂವರೆ ನಾಟ್ ಸಣ್ಣ ಕೊರತೆಯೇನಲ್ಲ.

ಈಗ ಬೋರ್ಡ್‌ಗೆ ಬರೋಣ. ಬೋರ್ಡ್ ನೀರಿನ ಮೇಲೆ ಸಾಗುವ ಬಗೆ ಎರಡು. ಒಂದು, ದೋಣಿಯಂತೆ ನೀರನ್ನು ಸೀಳಿಕೊಂಡು, ಬದಿಗೆ ಸರಿಸಿಕೊಂಡು ಹೋಗುವುದು. ಇನ್ನೊಂದು ಪ್ಲೇನಿಂಗ್: ಬೋರ್ಡ್ ಮೇಲೆದ್ದು, ನೀರಿನ ಮೈಮೇಲೆ ಜಾರುವುದು. ಸೀಳಿಕೊಂಡು ಹೋಗುವಾಗ ವೇಗಕ್ಕೆ ಮಿತಿ ಹಾಕುವುದು ಬೋರ್ಡ್‌ನ ಉದ್ದ. ನೀರಿಗೆ ತಾಗುವ ಉದ್ದದ ವರ್ಗಮೂಲವನ್ನು 2.43ರಿಂದ ಗುಣಿಸಿದರೆ ಆ ಮಿತಿ ನಾಟ್ ಲೆಕ್ಕದಲ್ಲಿ ಸಿಗುತ್ತದೆ. 3.7 ಮೀಟರ್ ಬೋರ್ಡ್‌ಗೆ ಅದು ಸುಮಾರು 4.7 ನಾಟ್, 2.4 ಮೀಟರ್‌ನದಕ್ಕೆ 3.8. ನೋಡುವುದಕ್ಕೆ ಒಂದು ನಾಟ್‌ನಷ್ಟೇ ಅಂತರ. ಆದರೆ ಚಿಕ್ಕ ಬೋರ್ಡ್ ತನ್ನ ಮಿತಿಯನ್ನು ಮುಟ್ಟುವ ಹೊತ್ತಿಗೆ ತಾನೇ ಎಬ್ಬಿಸಿದ ಅಲೆಯಲ್ಲಿ ಬಾಲ ಹೂತು, ಮೂತಿ ಎತ್ತಿ ಒದ್ದಾಡುತ್ತಿರುತ್ತದೆ. ಉದ್ದ ಬೋರ್ಡ್ ಅದೇ ವೇಗದಲ್ಲಿ ಸದ್ದಿಲ್ಲದೆ ಸಾಗುತ್ತಿರುತ್ತದೆ.

ಆದ್ದರಿಂದ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಸಣ್ಣ ಗಾಳಿಯಲ್ಲಿ ನನಗೆ ಸಾಗಿದರೆ ಸಾಕೇ, ಇಲ್ಲ ಜಾರಲೇಬೇಕೇ? ನಿಮ್ಮ ನೀರಿನಲ್ಲಿ ಹೆಚ್ಚಿನ ದಿನ 5ರಿಂದ 9 ನಾಟ್ ಬೀಸುತ್ತಿದ್ದರೆ ಎರಡು ಮಾತಿಲ್ಲ, ಉದ್ದ ಬೋರ್ಡ್ ತಗೊಳ್ಳಿ. 10ರಿಂದ 14ರ ನಡುವೆ ತೂಗುತ್ತಿದ್ದರೆ ಅಗಲ ಬೋರ್ಡ್. ಎರಡನ್ನೂ ಮಾಡುವ ಒಂದೇ ಬೋರ್ಡ್ ಹುಡುಕಿದರೆ ಎರಡನ್ನೂ ಅರೆಬರೆ ಮಾಡುವುದು ಸಿಗುತ್ತದೆ.

ಉದ್ದ ಬೋರ್ಡ್ ಎಂದರೆ 3.4ರಿಂದ 3.8 ಮೀಟರ್, ಹೊಟ್ಟೆಯ ನಡುವೆ ಡ್ಯಾಗರ್‌ಬೋರ್ಡ್ ಇರುವಂಥದ್ದು. ಡ್ಯಾಗರ್‌ಬೋರ್ಡ್ ಎಂದರೆ ಕೆಳಕ್ಕೆ ಇಳಿಸಬಹುದಾದ, ಮಡಚಿ ಒಳಗೆ ಎಳೆಯಬಹುದಾದ ನಡುರೆಕ್ಕೆ. ಇದು ಯಾಕೆ ಬೇಕು? ಹಾಯಿ ನಿಮ್ಮನ್ನು ಮುಂದಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುತ್ತದೆ. ಆ ಪಕ್ಕದ ತಳ್ಳನ್ನು ತಡೆಯುವುದು ನೀರಿನೊಳಗಿನ ರೆಕ್ಕೆ. ರೆಕ್ಕೆಯ ಬಲವೂ ವೇಗದ ವರ್ಗದ ಲೆಕ್ಕದ್ದೇ. ಬೋರ್ಡ್ ನಿಧಾನವಾಗಿದ್ದಾಗ ಬಾಲದಲ್ಲಿರುವ ಸಣ್ಣ ರೆಕ್ಕೆ ಫಿನ್ ಒಂದರ ಕೈಯಲ್ಲಿ ಆ ಕೆಲಸ ಆಗುವುದಿಲ್ಲ. ಬೋರ್ಡ್ ಏಡಿಯಂತೆ ಅಡ್ಡಡ್ಡ ಸರಿಯುತ್ತಾ ಗಾಳಿ ಹೋಗುವ ಕಡೆಗೇ ಹೋಗುತ್ತದೆ. ಹೊರಟ ಜಾಗಕ್ಕೆ ವಾಪಸ್ ಬರಲಾಗದೆ, ದಡದಲ್ಲಿ ಬೋರ್ಡ್ ಹೊತ್ತು ನಡೆಯುವವರ ಕಥೆ ಹೆಚ್ಚಾಗಿ ಇದೇ.

ಗಾಳಿಗೆ ಎದುರಾಗಿ ಏರುವಾಗ ಡ್ಯಾಗರ್‌ಬೋರ್ಡ್ ಪೂರ್ತಿ ಕೆಳಗಿರಲಿ. ಗಾಳಿ ಒಮ್ಮೆಲೇ ಎದ್ದು ಬೋರ್ಡ್ ವೇಗ ಹಿಡಿದರೆ ಕಾಲಿನಿಂದ ಒತ್ತಿ ಅದನ್ನು ಮಡಚಿಬಿಡಿ. ಮಡಚದಿದ್ದರೆ ಅದೇ ರೆಕ್ಕೆ ಬೋರ್ಡ್‌ನ ಗಾಳಿ ಕಡೆಯ ಅಂಚನ್ನು ಎತ್ತುತ್ತದೆ, ನಿಮ್ಮನ್ನು ಮಗುಚಿಹಾಕುತ್ತದೆ. ಹಳೆಯ ಬೋರ್ಡ್ ಕೊಳ್ಳುವಾಗ ಈ ಭಾಗವನ್ನು ಕೈಯಿಂದ ಆಡಿಸಿ ನೋಡಿ. ಸೀಳಿನ ಬಾಯಿಗೆ ಇರುವ ರಬ್ಬರ್ ತುಟಿ ಹರಿದಿದ್ದರೆ ನೀರು ಒಳಗೆ ನುಗ್ಗಿ ಬ್ರೇಕ್ ಹಾಕಿದಂತಾಗುತ್ತದೆ. ರಬ್ಬರ್ ಬದಲಿಸಬಹುದು, ಅದು ದೊಡ್ಡ ಕೆಲಸವಲ್ಲ. ಒಳಗೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೂ ರೆಕ್ಕೆ ಅರ್ಧದಲ್ಲೇ ನಿಂತುಬಿಡುತ್ತದೆ. ಹಾಗಾಗಿ ಮರಳಿನ ಮೇಲೆ ಬೋರ್ಡ್ ಎಳೆಯಬೇಡಿ, ಎತ್ತಿಕೊಂಡು ಹೋಗಿ.

ತೇಲುವ ಗಾತ್ರದ ಲೆಕ್ಕ ಸುಲಭ. ಒಂದು ಲೀಟರ್ ಸುಮಾರು ಒಂದು ಕೆ.ಜಿ. ಹೊರುತ್ತದೆ. ನೀವು 75 ಕೆ.ಜಿ., ಮಾಸ್ಟ್-ಹಾಯಿ-ಬೂಮ್ ಸೇರಿ 10, ಬೋರ್ಡ್ 10 ಎಂದಿಟ್ಟುಕೊಂಡರೆ 95 ಲೀಟರ್‌ಗೆ ಬೋರ್ಡ್ ನೀರಿನ ಮಟ್ಟದಲ್ಲಿ ಮುಳುಗಿ ನಿಂತಿರುತ್ತದೆ. ಸಣ್ಣ ಗಾಳಿಯಲ್ಲಿ ಬಿದ್ದರೆ ಹಾಯಿಯೇ ನಿಮ್ಮನ್ನು ನೀರಿನಿಂದ ಎತ್ತುವುದಿಲ್ಲ. ಬೋರ್ಡ್ ಮೇಲೆ ನಿಂತು ಹಗ್ಗ ಹಿಡಿದು ಹಾಯಿಯನ್ನು ನೀವೇ ಎತ್ತಬೇಕು. ಅದಕ್ಕೆ ಇನ್ನೂ 40 ಲೀಟರ್‌ನಷ್ಟು ಮೇಲುಗೈ ಬೇಕು. 75 ಕೆ.ಜಿ. ತೂಕದವರಿಗೆ 135ಕ್ಕಿಂತ ಕಡಿಮೆ ನಾನು ಹೇಳುವುದಿಲ್ಲ. ಕಲಿಯುವವರಿಗೆ 180ರಿಂದ 220. ಉದ್ದ ಬೋರ್ಡ್‌ಗಳಲ್ಲಿ ಈ ಚಿಂತೆಯೇ ಬರುವುದಿಲ್ಲ, ಹೆಚ್ಚಿನವು 200 ಲೀಟರ್ ಮೇಲೆಯೇ ಇರುತ್ತವೆ.

ಅಗಲ ಬೋರ್ಡ್‌ನ ಸಂಗತಿ ಬೇರೆ. ಉದ್ದ ಎರಡೂಕಾಲು, ಎರಡೂವರೆ ಮೀಟರ್ ಅಷ್ಟೇ; ಅಗಲ 80ರಿಂದ 100 ಸೆಂ.ಮೀ. ಬಾಲವೂ ಅಗಲ, ತಳ ಚಪ್ಪಟೆ. ಬೋರ್ಡ್ ಮೇಲೇಳಬೇಕಾದರೆ ನಿಮ್ಮ ಕಾಲ ಕೆಳಗಿನ ತಳಕ್ಕೆ ನೀರು ತಾಗುವ ಜಾಗ ಬೇಕು, ಅದನ್ನು ಈ ಅಗಲ ಕೊಡುತ್ತದೆ. 10–11 ನಾಟ್‌ನಲ್ಲೇ ಇದು ಜಾರತೊಡಗುತ್ತದೆ. 7 ನಾಟ್‌ಗೆ ಇಳಿದಾಗ ಮಾತ್ರ ಅದೇ ಅಗಲ ಹೊರೆ: ಹಲಗೆಯನ್ನು ಅಡ್ಡ ಹಿಡಿದು ನೀರಿನಲ್ಲಿ ತಳ್ಳಿದಂತೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಒಲಿಂಪಿಕ್ಸ್ ಕಡೆ ನೋಡೋಣ. ಅಲ್ಲಿ ಬೋರ್ಡ್ ಬದಲಾದ ರೀತಿಯಲ್ಲೇ ಈ ಇಡೀ ವಿಷಯ ಅಡಗಿದೆ. 1992ರ ಲೆಚ್ನರ್ ಬೋರ್ಡ್ 3.9 ಮೀಟರ್ ಉದ್ದ, ಹೊಟ್ಟೆ ದುಂಡಗೆ; ನೀರನ್ನು ಸೀಳಿಕೊಂಡು ಹೋಗುವುದಕ್ಕೇ ಹುಟ್ಟಿದ್ದು. 1996ರಿಂದ 2004ರವರೆಗೆ ಮಿಸ್ಟ್ರಲ್ ವನ್ ಡಿಸೈನ್, 3.72 ಮೀಟರ್, ತಳ ಚಪ್ಪಟೆ, 7.4 ಚದರ ಮೀಟರ್ ಹಾಯಿ. 2008ರಿಂದ ಟೋಕಿಯೋವರೆಗೆ ಆರ್‌ಎಸ್‌ಎಕ್ಸ್: ಉದ್ದ 2.86ಕ್ಕೆ ಇಳಿಯಿತು, ಅಗಲ 93 ಸೆಂ.ಮೀ. ಆಯಿತು, ಗಂಡಸರಿಗೆ 9.5, ಹೆಂಗಸರಿಗೆ 8.5 ಚದರ ಮೀಟರ್ ಹಾಯಿ. ಅದರಲ್ಲಿ ಡ್ಯಾಗರ್‌ಬೋರ್ಡ್ ಉಳಿದುಕೊಂಡಿತ್ತು, ಗಾಳಿ ಬಿದ್ದ ದಿನವೂ ರೇಸ್ ನಡೆಯಬೇಕಲ್ಲ! ಆದರೂ ಸಣ್ಣ ಗಾಳಿಯ ರೇಸ್ ಎಂದರೆ ಸ್ಪರ್ಧಿಗಳು ಉದ್ದಕ್ಕೂ ಹಾಯಿಯನ್ನು ಪಂಪ್ ಮಾಡುತ್ತಾ, ಅಂದರೆ ಬೀಸಣಿಗೆಯಂತೆ ಮತ್ತೆ ಮತ್ತೆ ಎಳೆದು ಬಿಡುತ್ತಾ, ಹೋಗುವುದೇ ಆಗಿತ್ತು. 2024ರಲ್ಲಿ ಐಕ್ಯೂಫಾಯಿಲ್ ಬಂತು: ಉದ್ದ 2.2 ಮೀಟರ್, ಅಗಲ 95 ಸೆಂ.ಮೀ., ತಳದಲ್ಲಿ ಫಾಯಿಲ್. ಹಾಯಿ 9 ಮತ್ತು 8ಕ್ಕೆ ಇಳಿಯಿತು. ಫಾಯಿಲ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತೇವಲ್ಲ, ಬೋರ್ಡ್‌ಗೂ ಹಾಯಿಗೂ ಜೋಡಿ ಹೊಂದದಿದ್ದರೆ ಅದೇ ಪಾಡು. 65 ಸೆಂ.ಮೀ. ಅಗಲದ ಬೋರ್ಡ್ ಮೇಲೆ 9 ಚದರ ಮೀಟರ್ ಹಾಯಿ ಕಟ್ಟಿದರೆ ಏನಾಗುತ್ತದೆ? ದೊಡ್ಡ ಹಾಯಿಯ ಬೂಮ್ ಉದ್ದ, ಅದರ ಎಳೆತದ ಕೇಂದ್ರ ಹಿಂದಕ್ಕೂ ಮೇಲಕ್ಕೂ ಹೋಗಿರುತ್ತದೆ. ಕಿರಿದಾದ ಬಾಲ ಆ ಭಾರಕ್ಕೆ ಮುಳುಗುತ್ತದೆ, ಬೋರ್ಡ್ ಮೇಲೇಳುವುದೇ ಇಲ್ಲ. ಅದೇ 100 ಸೆಂ.ಮೀ. ಬೋರ್ಡ್‌ಗೆ 5.5ರ ಹಾಯಿ ಕಟ್ಟಿದರೆ ಅಗಲವನ್ನು ಎಬ್ಬಿಸುವ ಶಕ್ತಿ ಹಾಯಿಗೆ ಇರುವುದಿಲ್ಲ. ನಾನು ಇಟ್ಟುಕೊಂಡಿರುವ ಅಂದಾಜು ಹೀಗೆ: 70 ಸೆಂ.ಮೀ. ಬೋರ್ಡ್‌ಗೆ ಏಳು, ಏಳೂವರೆಯೇ ಕೊನೆ. 80–85ಕ್ಕೆ ಏಳೂವರೆಯಿಂದ ಒಂಬತ್ತೂವರೆ. 100ಕ್ಕೆ 9ರಿಂದ ಮೇಲೆ. ಉದ್ದ ಬೋರ್ಡ್ ಈ ವಿಷಯದಲ್ಲಿ ಉದಾರಿ. ಮೊದಮೊದಲ ವಿಂಡ್‌ಸರ್ಫರ್‌ಗಳು 12 ಅಡಿ ಉದ್ದದ ಬೋರ್ಡ್ ಮೇಲೆ ಐದು ಚದರ ಮೀಟರ್‌ಗಿಂತ ಸ್ವಲ್ಪ ದೊಡ್ಡ ಹಾಯಿಯಲ್ಲೇ ದಿನಗಟ್ಟಲೆ ಸುತ್ತುತ್ತಿದ್ದರು. ಈಗಲೂ 5.5ರಿಂದ 7.5ರ ನಡುವಿನ ಯಾವ ಹಾಯಿಯನ್ನಾದರೂ ಅದರ ಮೇಲೆ ಕಟ್ಟಬಹುದು.

ಫಿನ್ ಕೂಡ ಈ ಜೋಡಿಯ ಭಾಗವೇ, ಜನ ಮರೆಯುವ ಭಾಗ. 8 ಚದರ ಮೀಟರ್ ಹಾಯಿಗೆ 44ರಿಂದ 48 ಸೆಂ.ಮೀ. ಫಿನ್ ಬೇಕು, ಒಂದು ಮೀಟರ್ ಅಗಲದ ಫಾರ್ಮುಲಾ ಎಂಬ ರೇಸ್ ಬೋರ್ಡ್‌ಗಳಲ್ಲಿ 70 ಸೆಂ.ಮೀ. ಹಾಕುತ್ತಾರೆ. ಫಿನ್ ಚಿಕ್ಕದಾದರೆ ಹಿಂಗಾಲಿನ ಒತ್ತಡಕ್ಕೆ ಅದರ ಸುತ್ತ ಗಾಳಿಗುಳ್ಳೆ ಸೇರಿ ಹಿಡಿತ ತಪ್ಪುತ್ತದೆ, ಬಾಲ ಸರ್‍ರನೆ ಪಕ್ಕಕ್ಕೆ ಜಾರುತ್ತದೆ. ಆಗ ಹಿಂಗಾಲಿನ ಒತ್ತಡ ಬಿಟ್ಟು, ಕಾಲನ್ನು ಒಮ್ಮೆ ಒಳಕ್ಕೆ ಎಳೆದುಕೊಂಡರೆ ಮತ್ತೆ ಹಿಡಿಯುತ್ತದೆ. ನೀರಿನಲ್ಲಿ ಕಳೆ ಇರುವ ಕಡೆ ಹಿಂದಕ್ಕೆ ಬಾಗಿದ ಕಳೆ-ಫಿನ್ ಬೇಕೇ ಬೇಕು. ನಾಲ್ಕೆಳೆ ಕಳೆ ಸುತ್ತಿಕೊಂಡರೂ ಸಣ್ಣ ಗಾಳಿಯ ಎಳೆತವೆಲ್ಲ ಅದಕ್ಕೇ ಸರಿಹೋಗುತ್ತದೆ.

ಈಗ ಹಾಯಿ. ಜಾರಬೇಕೆನ್ನುವವರಿಗೆ ಒಂದು ಒರಟು ಸೂತ್ರ ಇದೆ: ನಿಮ್ಮ ತೂಕವನ್ನು 1.4ರಿಂದ ಗುಣಿಸಿ, ಗಾಳಿಯ ನಾಟ್‌ನಿಂದ ಭಾಗಿಸಿ. 75 ಕೆ.ಜಿ., 12 ನಾಟ್: 8.75 ಚದರ ಮೀಟರ್. 50 ಕೆ.ಜಿ. ತೂಕದವರಿಗೆ ಅದೇ ಗಾಳಿಯಲ್ಲಿ 5.8 ಸಾಕು. ಹಗುರ ಮೈಯವರು ದೊಡ್ಡವರನ್ನು ನೋಡಿ ಎಂಟೂವರೆಯ ಹಾಯಿ ಕೊಳ್ಳುವುದು ಬೇಡ; ಅವರು ಅದನ್ನು ಎತ್ತುವುದರಲ್ಲೇ ಸುಸ್ತಾಗುತ್ತಾರೆ. ಸೀಳಿಕೊಂಡು ಸಾಗುವವರಿಗೆ ಈ ಸೂತ್ರ ಅನ್ವಯಿಸುವುದಿಲ್ಲ. ಅವರಿಗೆ ಒಂದೂವರೆ ಎರಡು ಚದರ ಮೀಟರ್ ಕಡಿಮೆ ಇದ್ದರೂ ನಡೆಯುತ್ತದೆ, ಹಗುರವಾಗಿರುವುದೇ ಮುಖ್ಯ.

ಕ್ಯಾಂಬರ್ ಇರುವ ಹಾಯಿಯೋ, ಇಲ್ಲದ್ದೋ? ಕ್ಯಾಂಬರ್ ಎಂದರೆ ಹಾಯಿಯ ಅಡ್ಡಕಡ್ಡಿಯ ತುದಿಯನ್ನು ಮಾಸ್ಟ್‌ಗೆ ತಾಗಿಸಿ ಕೂರಿಸುವ ಪ್ಲಾಸ್ಟಿಕ್ ಕವಲು. ಅದು ಹಾಯಿಗೆ ಒಂದು ನಿಶ್ಚಿತ ಹೊಟ್ಟೆ ಕೊಡುತ್ತದೆ, ಗಾಳಿ ಬಂದು ಹೋಗುವಾಗಲೂ ಆಕಾರ ಕುಸಿಯುವುದಿಲ್ಲ. ಜಾರುವಾಗ ಇದು ದೊಡ್ಡ ಅನುಕೂಲ. ಆದರೆ ಕ್ಯಾಂಬರ್ ಹಾಯಿಯಲ್ಲಿ ಮಾಸ್ಟ್ ತೂರಿಸುವ ತೋಳು ಅಗಲ. ಹಾಯಿ ನೀರಿಗೆ ಬಿದ್ದು ಒಂದೆರಡು ನಿಮಿಷ ಮಲಗಿದರೆ ಆ ತೋಳಿನಲ್ಲಿ ನೀರು ತುಂಬಿಕೊಳ್ಳುತ್ತದೆ. ಹನ್ನೆರಡು ಕೆ.ಜಿ. ಇದ್ದದ್ದು ಎತ್ತುವಾಗ ಎಷ್ಟು ಭಾರ ಅನ್ನಿಸುತ್ತದೆ ಎಂಬುದು ಎತ್ತಿದವರಿಗೇ ಗೊತ್ತು. ಒಮ್ಮೆಗೇ ಜಗ್ಗಬೇಡಿ. ಮಂಡಿ ಬಾಗಿಸಿ, ಬೆನ್ನು ನೇರ ಇಟ್ಟು, ಮೈಯನ್ನು ಹಿಂದಕ್ಕೆ ಒರಗಿಸಿ. ಮಾಸ್ಟ್ ತುದಿ ಒಂದು ಗೇಣು ನೀರಿನಿಂದ ಎದ್ದಲ್ಲಿ ನಿಲ್ಲಿಸಿ. ತೋಳಿನಿಂದ ನೀರು ಸುರಿದು ಹೋಗಲಿ, ಹಾಯಿಯ ಮೇಲೆ ನಿಂತ ನೀರು ಸರಿಯಲಿ. ಭಾರ ಇಳಿದದ್ದು ಕೈಗೇ ತಿಳಿಯುತ್ತದೆ, ಆಮೇಲೆ ಎತ್ತಿ. ಇನ್ನೂ ಆಗಾಗ ಬೀಳುವ ಹಂತದಲ್ಲಿ ಇರುವವರಿಗೆ ಕ್ಯಾಂಬರ್ ಇಲ್ಲದ, ಕಿರಿದಾದ ತೋಳಿನ 6.5ರಿಂದ 7.5ರ ಹಾಯಿಯೇ ಸರಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಮಾಸ್ಟ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಹಾಯಿಯ ಮೇಲೆ ಮಾಸ್ಟ್‌ನ ಉದ್ದ ಮತ್ತು ಬಿಗುವಿನ ಅಂಕಿ ಬರೆದಿರುತ್ತದೆ. 430 ಸೆಂ.ಮೀ. ಮಾಸ್ಟ್‌ಗೆ ಬಿಗುವಿನ ಅಂಕಿ (ಐಎಂಸಿಎಸ್) 21, 460ಕ್ಕೆ 25, 490ಕ್ಕೆ 29 ಎನ್ನುವುದು ರೂಢಿ. ಬಿಗುವಿನ ಜೊತೆ ಬಾಗುವ ರೀತಿಯೂ ಹೊಂದಬೇಕು: ಕೆಲವು ಮಾಸ್ಟ್ ತುದಿಯಲ್ಲಿ ಹೆಚ್ಚು ಬಾಗುತ್ತವೆ, ಕೆಲವು ಉದ್ದಕ್ಕೂ ಸಮನಾಗಿ. ಹೊಂದದ ಮಾಸ್ಟ್ ಹಾಕಿದರೆ ಎಷ್ಟೇ ಎಳೆದರೂ ಹಾಯಿಯಲ್ಲಿ ಸುಕ್ಕು ಉಳಿಯುತ್ತದೆ, ಕ್ಯಾಂಬರ್ ತಿರುಗುವುದಿಲ್ಲ. ದೊಡ್ಡ ಹಾಯಿಗೆ ಕಾರ್ಬನ್ ಅಂಶ ಹೆಚ್ಚಿರುವುದು ಒಳ್ಳೆಯದು. ಮಾಸ್ಟ್‌ನ ಮೇಲ್ಭಾಗದಲ್ಲಿ ಉಳಿದ ನೂರು ಗ್ರಾಂ, ಬುಡದಲ್ಲಿ ಉಳಿದ ನೂರು ಗ್ರಾಂಗಿಂತ ಬಹಳ ದೊಡ್ಡದು. ಬೂಮ್ ಕೂಡ ಹಾಗೇ: ತೆಳು ಅಲ್ಯುಮಿನಿಯಂ ಬೂಮ್ ಅನ್ನು 220 ಸೆಂ.ಮೀ.ವರೆಗೆ ಚಾಚಿದರೆ ಅದು ಬಳುಕುತ್ತದೆ, ಬಂದ ಬೀಸು ಆ ಬಳುಕಿನಲ್ಲೇ ಕರಗಿಹೋಗುತ್ತದೆ.

ಹಾಯಿ ಕಟ್ಟುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಒಳ್ಳೆಯ ಹಾಯಿ ಕೆಡುವುದು ಇಲ್ಲೇ. ಮೊದಲು ಡೌನ್‌ಹಾಲ್, ಅಂದರೆ ಬುಡದಲ್ಲಿ ಕೆಳಕ್ಕೆ ಎಳೆಯುವ ಹಗ್ಗ. "ಸಣ್ಣ ಗಾಳಿ ತಾನೇ, ಹೊಟ್ಟೆ ಬರಲಿ" ಎಂದು ಅದನ್ನು ಸಡಿಲ ಬಿಡುವುದು ಎಲ್ಲರೂ ಮಾಡುವ ತಪ್ಪು. ಈಗಿನ ಹಾಯಿಗಳು ಮಾಸ್ಟ್ ಚೆನ್ನಾಗಿ ಬಾಗಿದರೆ ಮಾತ್ರ ಆಕಾರಕ್ಕೆ ಬರುತ್ತವೆ. ಹಾಯಿಯನ್ನು ನೆಲದ ಮೇಲೆ ಚಪ್ಪಟೆ ಮಲಗಿಸಿ ಎಳೆಯುತ್ತಾ ಹೋಗಿ, ಹಿಂಬದಿಯ ಅಂಚಿನ ಮೇಲ್ಭಾಗ ನೋಡುತ್ತಿರಿ. ಅದು ಸಡಿಲವಾಗಿ ನೆರಿಗೆ ಬೀಳತೊಡಗುತ್ತದೆ. ಹಲವು ಹಾಯಿಗಳಲ್ಲಿ ಆ ಸಡಿಲ ಎಲ್ಲಿಯವರೆಗೆ ಬರಬೇಕು ಎಂದು ಎರಡು ಗುರುತು ಇರುತ್ತವೆ, ಕನಿಷ್ಠ ಮತ್ತು ಗರಿಷ್ಠ. ಸಣ್ಣ ಗಾಳಿಗೆ ಕನಿಷ್ಠದ ಗುರುತಿಗೆ ನಿಲ್ಲಿಸಿ, ಅದಕ್ಕಿಂತ ಕೆಳಗೆ ಬೇಡ. ಡೌನ್‌ಹಾಲ್‌ನಲ್ಲಿ ಒಂದು ಸೆಂ.ಮೀ. ಆಚೀಚೆಯಾದರೂ ನೀರಿನ ಮೇಲೆ ಗೊತ್ತಾಗುತ್ತದೆ.

ಹೊಟ್ಟೆಯನ್ನು ಹದ ಮಾಡಬೇಕಾದ್ದು ಔಟ್‌ಹಾಲ್‌ನಲ್ಲಿ, ಬೂಮ್ ತುದಿಗೆ ಕಟ್ಟುವ ಹಗ್ಗದಲ್ಲಿ. 8ರಿಂದ 12 ನಾಟ್‌ಗೆ ಅದನ್ನು ಸುಮ್ಮನೆ ಬಿಗಿಯಾಗುವಷ್ಟು ಎಳೆದು, ಹಾಯಿ ಗಾಳಿ ತುಂಬಿದಾಗ ಬೂಮ್‌ಗೆ ತಾಗಿಯೂ ತಾಗದಂತೆ ಇರಲಿ. 5 ನಾಟ್‌ಗಿಂತ ಕೆಳಗೆ ಇಳಿದರೆ ಲೆಕ್ಕ ಉಲ್ಟಾ: ಇಷ್ಟು ನಿಧಾನದ ಗಾಳಿ ಆಳವಾದ ಹೊಟ್ಟೆಯ ತಿರುವಿಗೆ ಅಂಟಿಕೊಂಡು ಹರಿಯಲಾರದೆ ಬಿಟ್ಟುಹೋಗುತ್ತದೆ. ಆಗ ಔಟ್‌ಹಾಲ್ ಒಂದೆರಡು ಸೆಂ.ಮೀ. ಎಳೆದು ಹಾಯಿಯನ್ನು ಚಪ್ಪಟೆ ಮಾಡಿದರೆ ಚೆನ್ನಾಗಿ ಸಾಗುತ್ತದೆ. ಹೆಚ್ಚಿನವರಿಗೆ ಇದು ನಂಬಲು ಕಷ್ಟ. ಒಂದು ದಿನ ಎರಡೂ ರೀತಿ ಕಟ್ಟಿ, ಒಂದೇ ದಾರಿಯಲ್ಲಿ ಹೋಗಿ ನೋಡಿ. ಬೂಮ್ ಭುಜ ಮತ್ತು ಗಲ್ಲದ ನಡುವಿನ ಎತ್ತರಕ್ಕೆ ಇದ್ದರೆ ಸರಿ.

ಫಾಯಿಲ್ ಬಗ್ಗೆ ಹೇಳುತ್ತೇನೆಂದಿದ್ದೆ. ಬೋರ್ಡ್ ಕೆಳಗೆ 70ರಿಂದ 95 ಸೆಂ.ಮೀ. ಕಂಬ, ಅದರ ತುದಿಯಲ್ಲಿ ವಿಮಾನದಂತೆ ಮುಂದೊಂದು ಹಿಂದೊಂದು ರೆಕ್ಕೆ. ವೇಗ ಸಿಕ್ಕಾಗ ರೆಕ್ಕೆ ಬೋರ್ಡನ್ನು ನೀರಿನಿಂದ ಪೂರ್ತಿ ಎತ್ತಿಬಿಡುತ್ತದೆ. ಬೋರ್ಡ್‌ನ ತಳಕ್ಕೆ ನೀರಿನ ತಡೆಯೇ ಇಲ್ಲದ್ದರಿಂದ 8–10 ನಾಟ್‌ನಲ್ಲಿ 5.5–6.5ರ ಸಣ್ಣ ಹಾಯಿ ಸಾಕಾಗುತ್ತದೆ. ಎತ್ತುವ ಬಲ ರೆಕ್ಕೆಯ ವಿಸ್ತಾರ ಮತ್ತು ವೇಗದ ವರ್ಗದ ಗುಣಲಬ್ಧಕ್ಕೆ ತಕ್ಕಂತೆ ಇರುತ್ತದೆ. ರೆಕ್ಕೆ ಎರಡು ಪಟ್ಟಾದರೆ ಮೇಲೇಳಲು ಬೇಕಾದ ವೇಗ ಸುಮಾರು ಶೇ. 30 ಇಳಿಯುತ್ತದೆ. ಐಕ್ಯೂಫಾಯಿಲ್‌ನ ಮುಂದಿನ ರೆಕ್ಕೆ 900 ಚದರ ಸೆಂ.ಮೀ., ಅದು ಪಳಗಿದ ರೇಸ್‌ಗಾರರಿಗೆ. ನೀವು 1500ರಿಂದ 2000ದ ಒಳಗೆ ಆರಿಸಿ. ಎರಡು ಎಚ್ಚರಿಕೆ: ಫಾಯಿಲ್‌ಗೆಂದೇ ಬಲಪಡಿಸಿದ ಪೆಟ್ಟಿಗೆ (ಫಿನ್ ಕೂರಿಸುವ ಗೂಡು) ಇಲ್ಲದ ಹಳೆ ಬೋರ್ಡ್‌ಗೆ ಇದನ್ನು ಸಿಕ್ಕಿಸಬೇಡಿ, ಸನ್ನೆಯಂತೆ ಎಬ್ಬಿ ಪೆಟ್ಟಿಗೆಯನ್ನೇ ಕಿತ್ತುಹಾಕುತ್ತದೆ. ನೀರು ಒಂದೂವರೆ ಮೀಟರ್ ಆಳ ಇಲ್ಲದ ಕಡೆ ಇಳಿಯಲೇಬೇಡಿ. ಹೆಲ್ಮೆಟ್ ಕಡ್ಡಾಯ.

ಹಳೆಯ ಸಾಮಾನು ಕೊಳ್ಳುವವರಿಗೆ ಎರಡು ಮಾತು. ಬೋರ್ಡ್ ಮೇಲೆ, ಅದರಲ್ಲೂ ಮಾಸ್ಟ್ ಕೂರುವ ಜಾಗ ಮತ್ತು ಕಾಲಿಡುವ ಜಾಗದ ಸುತ್ತ, ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟಕ್ ಟಕ್ ಎನ್ನುತ್ತಿದ್ದದ್ದು ಒಂದು ಕಡೆ ಮಂಕಾದರೆ ಅಲ್ಲಿ ಪದರ ಬಿಟ್ಟಿದೆ. ಹೆಬ್ಬೆರಳಿನಿಂದ ಒತ್ತಿದಾಗ ಇಳಿದರೆ ಬೇಡ ಎಂದುಬಿಡಿ. ಮಾಸ್ಟ್ ಬುಡದ ರಬ್ಬರ್ ಕೀಲನ್ನು ಪೂರ್ತಿ ಬಾಗಿಸಿ ನೋಡಿ. ಕೂದಲೆಳೆ ಬಿರುಕು ಕಂಡರೂ ಹೊಸದು ಹಾಕಿಸಿ. ಪಾರದರ್ಶಕ ಹಾಯಿಹಾಳೆ ಬಿಸಿಲಿಗೆ ಮಂಜಾಗಿ ಗರಿಗರಿ ಎನ್ನುತ್ತಿದ್ದರೆ ಅದರ ಆಯಸ್ಸು ಮುಗಿದಂತೆ.

ಕೊನೆಗೆ, ದಡದಿಂದ ನೀರಿನ ಕಡೆಗೆ ಬೀಸುವ ಸಣ್ಣ ಗಾಳಿ. ಮರ, ಕಟ್ಟಡದ ಮರೆಯಲ್ಲಿ ದಡದ ಹತ್ತಿರ 6 ನಾಟ್ ಅನ್ನಿಸುವುದು ಮುನ್ನೂರು ಮೀಟರ್ ಆಚೆ 12 ಆಗಿರಬಹುದು, ಬರುವ ದಾರಿಯಲ್ಲಿ ಸೊನ್ನೆಯೂ ಆಗಬಹುದು. ದೊಡ್ಡ ಹಾಯಿ ಕಟ್ಟಿಕೊಂಡು ಹೋದವರಿಗೆ ಎರಡೂ ಕಷ್ಟ. ಅಂಥ ದಿನ ದಡಕ್ಕೆ ಸಮಾನಾಂತರವಾಗಿ, ಈಜಿ ಬರಬಹುದಾದ ದೂರದಲ್ಲೇ ಇರಿ. ಗಾಳಿ ಪೂರ್ತಿ ಬಿದ್ದರೆ ಔಟ್‌ಹಾಲ್ ಬಿಚ್ಚಿ, ಹಾಯಿಯನ್ನು ಮಾಸ್ಟ್‌ಗೆ ಸುತ್ತಿ ಹಗ್ಗದಿಂದ ಕಟ್ಟಿ, ಬೋರ್ಡ್ ಮೇಲೆ ಉದ್ದಕ್ಕೆ ಹಾಕಿಕೊಂಡು ಅದರ ಮೇಲೆ ಬೋರಲು ಮಲಗಿ ಕೈಯಿಂದ ನೀರು ತಳ್ಳುತ್ತಾ ಬನ್ನಿ. ಸುಸ್ತಾಗಿ ಸಾಗದಿದ್ದರೆ ಕಟ್ಟಿದ ಹಾಯಿಯನ್ನು ಬಿಟ್ಟುಬಿಡಿ, ಬೋರ್ಡನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.